ಉರುಳಿದ ಕಲ್ಲಿಗೆ ಉತ್ತರ ಹೇಳುವವರಾರು?

ಮಡಿದವರನ್ನು ಮಣ್ಣಿಗೆ ಒಪ್ಪಿಸುವ ಸಮಾಜ ನಮ್ಮದು. ಲಿಂಗೈಕ್ಯರಾದವರ ಕಾಯವನ್ನು ಅಗ್ನಿಗೆ ಕೊಡದೆ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ, ಪೂಜೆಗೆ ಕುಳಿತ ಭಂಗಿಯಲ್ಲಿಯೇ ಭೂಮಿಯ ಮಡಿಲಿಗೆ ಸೇರಿಸುವುದು ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಆದುದರಿಂದಲೇ ಊರ ಹೊರಗಿನ ರುದ್ರಭೂಮಿಯ ನಾಲ್ಕಡಿ ನೆಲಕ್ಕೂ ನಮ್ಮ ಮನೆತನಗಳಿಗೂ ಅಗಲದ ನಂಟು. ಉಳ್ಳವರು ಕಲ್ಲಿನ ಗದ್ದುಗೆ ಕಟ್ಟಿಸುತ್ತಾರೆ. ಇಲ್ಲದವರು ಇಟ್ಟಿಗೆಯ ಕಟ್ಟೆಯೊಂದನ್ನು ಕಟ್ಟಿ, ಹೆಸರು ಕೊರೆದ ಕಲ್ಲೊಂದನ್ನು ನಿಲ್ಲಿಸುತ್ತಾರೆ. ಪುಣ್ಯಸ್ಮರಣೆಯ ದಿನ ಮನೆಮಂದಿಯೆಲ್ಲ ಹೋಗಿ ಕಟ್ಟೆ ತೊಳೆದು, ವಿಭೂತಿ ಧರಿಸಿ, ಹೂವೇರಿಸಿ ಬರುತ್ತಾರೆ. ಈ ಕಟ್ಟೆಯಾಗಲಿ ಕಲ್ಲಾಗಲಿ ಕಾನೂನಿನ ಕಣ್ಣಿನಲ್ಲಿ ಯಾರ ಸೊತ್ತು ಎಂಬ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡವರಲ್ಲ. ಕೇಳಿಕೊಳ್ಳುವ ಪ್ರಸಂಗ ನಮ್ಮ ಮನೆಗೇ ಒದಗಿ ಬಂದಾಗ ಉತ್ತರ ಹೇಳಲಾರದೆ ನಿಂತ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ.

2016ರ ಮಳೆಗಾಲಕ್ಕೆ ಮುನ್ನ ನಮ್ಮೂರಿನ ರುದ್ರಭೂಮಿಯ ಅಂಚಿನಲ್ಲಿ ಪುರಸಭೆಯವರು ಚರಂಡಿಯ ಕೆಲಸ ಹಿಡಿದರು. ಕೆಲಸ ಬೇಕಾದದ್ದೇ; ಮಳೆ ಬಂದರೆ ಆ ಬೀದಿಯ ನೀರೆಲ್ಲ ಸಮಾಧಿಗಳ ನಡುವೆಯೇ ಹರಿಯುತ್ತಿತ್ತು. ಆದರೆ ಅಗೆಯಲು ಬಂದ ಜೆ.ಸಿ.ಬಿ. ಯಂತ್ರ ಹೊರಗಿನ ದಾರಿ ಇಕ್ಕಟ್ಟಾಯಿತೆಂದು ಬೇಲಿ ಕಿತ್ತು ಒಳಗೆ ಬಂದಿತು. ಎರಡು ದಿನಗಳಲ್ಲಿ ಹನ್ನೊಂದು ಕಟ್ಟೆಗಳು ಒಡೆದವು. ಕಲ್ಲುಗಳನ್ನು ಒಟ್ಟುಗೂಡಿಸಿ ಗೋಡೆಯ ಪಕ್ಕಕ್ಕೆ ರಾಶಿ ಹಾಕಿದರು. ಅವುಗಳಲ್ಲಿ ನಮ್ಮ ಆಯಿಯ ಕಲ್ಲೂ ಇತ್ತು. ಹೆಸರಿನ ನಡುಮಧ್ಯದಲ್ಲಿ ಸೀಳಿ ಎರಡಾಗಿತ್ತು.

ದೊಡ್ಡಪ್ಪನವರನ್ನು ಮುಂದಿಟ್ಟುಕೊಂಡು ಪುರಸಭೆಯ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಒರಟಾಗಿ ನಡೆದುಕೊಂಡರೆಂದು ಹೇಳಲಾರೆ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲವನ್ನೂ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು: "ಯಜಮಾನರ, ಇದು ನಿಮ್ಮದ ಕಲ್ಲು ಅನ್ನಲಿಕ್ಕೆ ಏನು ಕಾಗದ ಐತ್ರಿ? ಜಾಗಾ ಪುರಸಭೆದು."

ದೊಡ್ಡಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕಾಗದ ಇರಲಿಲ್ಲ. ಮನೆಗೆ ಬಂದು ಮೂರು ಅರ್ಜಿ ಬರೆದೆವು; ಒಂದಕ್ಕೂ ಸ್ವೀಕೃತಿ ಪಡೆಯಲಿಲ್ಲ. ದಿನಗಳು ಕಳೆದವು. ಬಂಧುಗಳೊಬ್ಬರು, "ಶರಣರೇ ಸ್ಥಾವರಕ್ಕೆ ಅಂಟಿಕೊಳ್ಳಬೇಡಿ ಎಂದ ಮೇಲೆ ಕಲ್ಲಿಗಾಗಿ ಕಚೇರಿ ಸುತ್ತುವುದೇಕೆ ತಮ್ಮಾ?" ಎಂದರು. ಆ ಮಾತಿಗೂ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ವರ್ಷಗಳ ತರುವಾಯ, 2018ರಲ್ಲಿ, ಮಗಳ ಮನೆಗೆಂದು ಲಂಡನ್ನಿಗೆ ಹೋಗುವ ಸಂದರ್ಭ ಬಂದಿತು. ನಮ್ಮವರು ಅಲ್ಲಿಗೆ ಹೋದರೆ ಮೊದಲು ನೋಡುವುದು ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಆ ಪ್ರತಿಮೆ ಇರುವುದು ಲ್ಯಾಂಬೆತ್ ಎಂಬ ಪಾಲಿಕೆಯ ಸರಹದ್ದಿನಲ್ಲಿ. ಪ್ರತಿಮೆಗೆ ಶರಣು ಮಾಡಿ, ನದಿಯ ಕಡೆ ಮುಖ ಮಾಡಿ ಕುಳಿತಿದ್ದಾಗ ಊರಿನ ಸುದ್ದಿ ಬಂದು, ಆಯಿಯ ಕಲ್ಲಿನ ಮಾತೂ ಬಂದಿತು. ಅಳಿಯಂದಿರು ಹೇಳಿದರು: "ಮಾವ, ಇದೇ ಲ್ಯಾಂಬೆತ್ ಪಾಲಿಕೆ ಒಂದು ಕಾಲದಲ್ಲಿ ಹತ್ತು ಸಾವಿರ ಸಮಾಧಿಕಲ್ಲುಗಳನ್ನು ಕಿತ್ತುಹಾಕಿ, ಕೋರ್ಟಿನಲ್ಲಿ ತಲೆ ತಗ್ಗಿಸಬೇಕಾಯಿತು. ಆ ಸ್ಮಶಾನ ಇಲ್ಲಿಂದ ದಕ್ಷಿಣಕ್ಕೆ ಕೆಲವೇ ಮೈಲಿ."

ಮರುದಿನವೇ ಹೋಗಿ ನೋಡಿ ಬಂದೆವು. ಅದರ ಕಥೆಯನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ನಾರ್ವುಡ್ಡಿನ ಗುಡ್ಡ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ ನಗರದ ಜನಸಂಖ್ಯೆ ಮಿತಿಮೀರಿ ಬೆಳೆದು, ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗವೇ ಉಳಿಯಲಿಲ್ಲ. ಹಳೆಯ ಹೆಣಗಳ ಮೇಲೆ ಹೊಸ ಹೆಣಗಳನ್ನಿರಿಸುವ ಸ್ಥಿತಿ ಬಂದಾಗ ಅಲ್ಲಿಯ ಸಂಸತ್ತು ಖಾಸಗಿ ಕಂಪನಿಗಳಿಗೆ ನಗರದ ಹೊರವಲಯದಲ್ಲಿ ವಿಶಾಲವಾದ ಸ್ಮಶಾನಗಳನ್ನು ನಿರ್ಮಿಸಲು ಅನುಮತಿ ನೀಡಿತು. ಹತ್ತೇ ವರ್ಷಗಳ ಅವಧಿಯಲ್ಲಿ ಇಂಥ ಏಳು ಸ್ಮಶಾನಗಳು ತಲೆಯೆತ್ತಿದವು. ಅವುಗಳಲ್ಲೊಂದು ವೆಸ್ಟ್ ನಾರ್ವುಡ್. 1836ರಲ್ಲಿ ಸಂಸತ್ತಿನ ಶಾಸನದಿಂದ ಸ್ಥಾಪನೆಗೊಂಡ ಕಂಪನಿಯೊಂದು ಸುಮಾರು ನಲವತ್ತು ಎಕರೆ ಇಳಿಜಾರು ಗುಡ್ಡವನ್ನು ಕೊಂಡಿತು. ವಿಲಿಯಂ ಟೈಟ್ ಎಂಬ ವಾಸ್ತುಶಿಲ್ಪಿ ಗಾಥಿಕ್ ಶೈಲಿಯ ಹೆಬ್ಬಾಗಿಲನ್ನೂ ಪ್ರಾರ್ಥನಾಮಂದಿರಗಳನ್ನೂ ಕಟ್ಟಿದನು. 1837ರ ಡಿಸೆಂಬರಿನಲ್ಲಿ ವಿಂಚೆಸ್ಟರಿನ ಬಿಷಪ್ಪರು ನೆಲದ ಬಹುಭಾಗವನ್ನು ವಿಧಿಪೂರ್ವಕವಾಗಿ ಪವಿತ್ರೀಕರಿಸಿದರು. ಉಳಿದ ಭಾಗವನ್ನು ಆಂಗ್ಲಿಕನ್ ಚರ್ಚಿಗೆ ಸೇರದ ಕ್ರೈಸ್ತರಿಗಾಗಿ ಬಿಡಲಾಯಿತು. ಈ ಪವಿತ್ರೀಕರಣದ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ನೂರೈವತ್ತು ವರ್ಷಗಳ ಬಳಿಕ ಇಡೀ ವ್ಯಾಜ್ಯ ತಿರುಗಿದ್ದು ಅದರ ಮೇಲೆಯೇ.

ಅಲ್ಲಿ ಮಣ್ಣಾದವರ ಹೆಸರುಗಳನ್ನು ನಮ್ಮ ಮಕ್ಕಳೂ ಪಠ್ಯಪುಸ್ತಕಗಳಲ್ಲಿ ಓದಿದ್ದಾರೆ. ಉಕ್ಕು ತಯಾರಿಕೆಯ ವಿಧಾನಕ್ಕೆ ತನ್ನ ಹೆಸರನ್ನೇ ಕೊಟ್ಟ ಹೆನ್ರಿ ಬೆಸೆಮರ್ ಅಲ್ಲಿದ್ದಾನೆ. ಸಕ್ಕರೆಯ ವ್ಯಾಪಾರದಲ್ಲಿ ಗಳಿಸಿ, ಲಂಡನ್ನಿನ ಪ್ರಸಿದ್ಧ ಕಲಾಶಾಲೆಗೆ ಧನವಿತ್ತ ಹೆನ್ರಿ ಟೇಟ್ ಅಲ್ಲಿದ್ದಾನೆ. ಸುದ್ದಿಸಂಸ್ಥೆ ಕಟ್ಟಿದ ರಾಯಿಟರ್ ಇದ್ದಾನೆ. ಗೃಹಕೃತ್ಯದ ಪುಸ್ತಕ ಬರೆದು ಇಂಗ್ಲೆಂಡಿನ ಮನೆಮನೆಗೂ ಪರಿಚಿತಳಾದ ಇಸಬೆಲ್ಲಾ ಬೀಟನ್ ಎಂಬ ಗೃಹಿಣಿ 1865ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡು ಅಲ್ಲಿ ಮಣ್ಣಾದಳು. 1842ರಿಂದ ಗ್ರೀಕ್ ಸಮುದಾಯದವರಿಗೆ ಪ್ರತ್ಯೇಕ ಭಾಗವೊಂದಿದೆ; ಅಮೃತಶಿಲೆಯ ಪುಟ್ಟ ದೇವಾಲಯಗಳಂತಿರುವ ಅವರ ಸಮಾಧಿಗಳನ್ನು ನೋಡಿದಾಗ ನಮ್ಮ ಮಠಗಳ ಗದ್ದುಗೆಗಳು ನೆನಪಾಗದಿರವು. ಆದರೆ ಹೆಸರಾಂತವರ ಕಲ್ಲುಗಳನ್ನು ಕಾಯಲು ಯಾರಾದರೂ ಇದ್ದೇ ಇರುತ್ತಾರೆ. ನಾನು ಹೇಳಹೊರಟಿರುವುದು ಅವುಗಳ ನಡುವೆ ನಿಂತಿದ್ದ ಸಾಮಾನ್ಯ ಸಂಸಾರಸ್ಥರ ಸಾವಿರಾರು ಕಲ್ಲುಗಳ ವಿಷಯ.

ಆ ಸಂಸಾರಸ್ಥರು ಕಂಪನಿಗೆ ಹಣ ಕೊಟ್ಟು ಜಾಗದ ಹಕ್ಕನ್ನು ಕೊಂಡಿದ್ದರು. ಹಲವರು ಕೊಂಡದ್ದು ಶಾಶ್ವತ ಹಕ್ಕನ್ನು. ಇಲ್ಲಿ ಒಂದು ಸೂಕ್ಷ್ಮವಿದೆ. ಅವರು ಕೊಂಡದ್ದು ನೆಲವನ್ನಲ್ಲ. ಆ ನೆಲದಲ್ಲಿ ತಮ್ಮವರನ್ನು ಮಾತ್ರ ಹೂಳುವ ಹಕ್ಕನ್ನು. ನೆಲ ಕಂಪನಿಯದಾಗಿಯೇ ಉಳಿಯಿತು. ಆದರೆ ಅದರ ಮೇಲೆ ನಿಲ್ಲಿಸಿದ ಕಲ್ಲು ನಿಲ್ಲಿಸಿದವರದು, ಅವರ ತರುವಾಯ ಅವರ ವಾರಸುದಾರರದು. ಹೊಲದ ಒಡೆಯ ಒಬ್ಬ, ಬೆಳೆಯ ಒಡೆಯ ಇನ್ನೊಬ್ಬ ಎಂಬುದು ನಮ್ಮ ರೈತಾಪಿ ಮನೆಗಳಿಗೆ ಹೊಸ ಮಾತಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಂಪನಿಯ ಸ್ಥಿತಿ ಇಳಿಮುಖವಾಯಿತು. ಜಾಗ ತುಂಬಿದ ಮೇಲೆ ಮಾರಲು ಏನೂ ಉಳಿಯದು; ನೋಡಿಕೊಳ್ಳುವ ಖರ್ಚು ಮಾತ್ರ ಉಳಿಯುತ್ತದೆ. ಎರಡನೆಯ ಮಹಾಯುದ್ಧದ ಬಾಂಬುಗಳು ಪ್ರಾರ್ಥನಾಮಂದಿರಗಳನ್ನು ಜಖಂಗೊಳಿಸಿದವು. ಕೊನೆಗೆ 1960ರ ದಶಕದ ನಡುವೆ, ಆಗತಾನೆ ರೂಪುಗೊಂಡಿದ್ದ ಲ್ಯಾಂಬೆತ್ ಪಾಲಿಕೆ ಇಡೀ ಸ್ಮಶಾನವನ್ನು ಕಡ್ಡಾಯ ಖರೀದಿಯ ಮೂಲಕ ವಶಪಡಿಸಿಕೊಂಡಿತು. ಪಾಳುಬಿದ್ದ ಸ್ಮಶಾನ ಸಾರ್ವಜನಿಕ ಸಂಸ್ಥೆಯ ಕೈಗೆ ಬಂದುದು ಒಳ್ಳೆಯದೇ ಆಯಿತೆಂದು ಆಗ ಅನೇಕರಿಗೆ ಅನಿಸಿರಬೇಕು. ಕಂಪನಿ ಮುಳುಗಬಹುದು, ಪಾಲಿಕೆ ಮುಳುಗುವುದಿಲ್ಲವಷ್ಟೆ.

ಆದರೆ ಪಾಲಿಕೆಯವರು ನೆಲದ ಜೊತೆಗೆ ಸಮಾಧಿಗಳೂ ತಮ್ಮವಾದವೆಂದು ಭಾವಿಸಿದರು. ಅಲ್ಲಿಂದ ಮುಂದೆ ನಡೆದುದನ್ನು ಅವರು 'ಹುಲ್ಲುಹಾಸಿನ ಪರಿವರ್ತನೆ' ಎಂಬ ಸೌಮ್ಯವಾದ ಹೆಸರಿನಿಂದ ಕರೆದರು. ಕಲ್ಲುಗಳಿದ್ದರೆ ಹುಲ್ಲು ಕತ್ತರಿಸುವ ಯಂತ್ರ ಓಡುವುದಿಲ್ಲ. ಕಲ್ಲುಗಳನ್ನು ತೆಗೆದರೆ ನೆಲ ಸಪಾಟಾಗುತ್ತದೆ, ಖರ್ಚು ತಗ್ಗುತ್ತದೆ, ನೋಟವೂ ಅಚ್ಚುಕಟ್ಟಾಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಸ್ಮಾರಕಗಳನ್ನು ಕಿತ್ತರು. ಕಿತ್ತವುಗಳ ಸಂಖ್ಯೆ ಕಡಿಮೆಯೆಂದರೂ ಹತ್ತು ಸಾವಿರ. ಐತಿಹಾಸಿಕ ಮಹತ್ವದ್ದೆಂದು ಸರ್ಕಾರದ ರಕ್ಷಣಾಪಟ್ಟಿಯಲ್ಲಿ ಸೇರಿದ್ದ ಕೆಲವು ಸ್ಮಾರಕಗಳೂ ಅವುಗಳೊಡನೆ ಹೋದವು. ಅಷ್ಟಕ್ಕೇ ನಿಲ್ಲದೆ, ಹೀಗೆ ಬರಿದಾದ ಜಾಗಗಳನ್ನು ಹೊಸಬರಿಗೆ ಮಾರಿದರು. ಒಬ್ಬರು ಶಾಶ್ವತವಾಗಿ ಕೊಂಡಿದ್ದ ಜಾಗ ಇನ್ನೊಬ್ಬರ ಪಾಲಾಯಿತು.

ಇದರಲ್ಲಿ ಹೊಸದಾಗಿ ಕೊಂಡವರ ತಪ್ಪೇನೂ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವರೂ ದುಃಖದ ಹೊತ್ತಿನಲ್ಲಿ ಹಣ ಕೊಟ್ಟು, ರಸೀದಿ ಪಡೆದು, ತಮ್ಮವರನ್ನು ಮಣ್ಣು ಮಾಡಿದವರು. ಕಚೇರಿಯೊಂದು ಮಾಡಿದ ತಪ್ಪು ಎರಡು ಸಂಸಾರಗಳನ್ನು ಒಂದೇ ಗುಂಡಿಯ ಎರಡು ಕಡೆ ನಿಲ್ಲಿಸುವುದು ಹೀಗೆ.

ಧರ್ಮಪೀಠದ ನ್ಯಾಯಾಲಯ

ಒಂದೊಂದು ಕುಟುಂಬ ಒಂಟಿಯಾಗಿ ದೂರಿದಾಗ ಪಾಲಿಕೆಗೆ ಅದು ಒಂದು ಕಾಗದ ಮಾತ್ರ. 1989ರಲ್ಲಿ ಸ್ಥಳೀಯರೂ ಇತಿಹಾಸಾಸಕ್ತರೂ ಸೇರಿ 'ವೆಸ್ಟ್ ನಾರ್ವುಡ್ ಸ್ಮಶಾನದ ಮಿತ್ರರು' ಎಂಬ ಸಂಘವನ್ನು ಕಟ್ಟಿಕೊಂಡರು. ಸ್ಮಶಾನಕ್ಕೆ ಮಿತ್ರರೇ ಎಂದು ನಮಗೆ ಅಚ್ಚರಿಯೆನಿಸಬಹುದು. ಆದರೆ ಆ ದೇಶದಲ್ಲಿ ಇಂಥ ಸಂಘಗಳು ಅನೇಕ. ಕಲ್ಲುಗಳ ಬರಹಗಳನ್ನು ಪ್ರತಿಮಾಡಿಕೊಳ್ಳುವುದು, ಯಾರ ಸಮಾಧಿ ಎಲ್ಲಿತ್ತೆಂದು ಪತ್ತೆಹಚ್ಚುವುದು, ಪೊದೆ ಸವರುವುದು, ಪತ್ರಿಕೆ ಹೊರಡಿಸುವುದು ಇವರ ಕೆಲಸ.

ವ್ಯಾಜ್ಯ ಹೋದದ್ದು ಮಾತ್ರ ನಾವು ಊಹಿಸದ ಸ್ಥಳಕ್ಕೆ. ಬಿಷಪ್ಪರಿಂದ ಒಮ್ಮೆ ಪವಿತ್ರೀಕರಣಗೊಂಡ ನೆಲ, ಒಡೆತನ ಯಾರದೇ ಇರಲಿ, ಇಂಗ್ಲೆಂಡಿನ ಕಾನೂನಿನಂತೆ ಧರ್ಮಪ್ರಾಂತದ ನ್ಯಾಯಾಲಯದ ಅಧಿಕಾರಕ್ಕೆ ಒಳಪಟ್ಟಿರುತ್ತದೆ. ಅದನ್ನು 'ಕನ್ಸಿಸ್ಟರಿ ಕೋರ್ಟ್' ಎನ್ನುತ್ತಾರೆ. ಬಿಷಪ್ಪರ ಹೆಸರಿನಲ್ಲಿ ನಡೆದರೂ ಅಲ್ಲಿ ತೀರ್ಪು ನೀಡುವವರು ಚಾನ್ಸಲರ್ ಎಂಬ ನ್ಯಾಯವೇತ್ತರು. ಅಂಥ ನೆಲದಲ್ಲಿ ಕಲ್ಲೊಂದನ್ನು ನಿಲ್ಲಿಸಲು, ಕದಲಿಸಲು, ತೆಗೆಯಲು 'ಫ್ಯಾಕಲ್ಟಿ' ಎಂಬ ಆ ನ್ಯಾಯಾಲಯದ ಅನುಮತಿಪತ್ರ ಬೇಕು. ಲ್ಯಾಂಬೆತ್ ಪಾಲಿಕೆ ಹತ್ತು ಸಾವಿರ ಕಲ್ಲುಗಳನ್ನು ಕಿತ್ತದ್ದು ಆ ಅನುಮತಿಯಿಲ್ಲದೆ.

1990ರ ದಶಕದಲ್ಲಿ ಸದರ್ಕ್ ಧರ್ಮಪ್ರಾಂತದ ಆ ನ್ಯಾಯಾಲಯ ವಿಷಯವನ್ನು ಆಮೂಲಾಗ್ರವಾಗಿ ವಿಚಾರಿಸಿ, ಪಾಲಿಕೆ ನಡೆಸಿದ ತೆರವೂ ಮರುಮಾರಾಟವೂ ಕಾನೂನುಬಾಹಿರವೆಂದು ಸಾರಿತು. ಹೊಸ ಹೂಳುವಿಕೆಗಳು ನಿಂತವು. ಕಿತ್ತ ಸ್ಮಾರಕಗಳಲ್ಲಿ ಕೆಲವನ್ನು ಮತ್ತೆ ಸ್ಥಾಪಿಸಬೇಕಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ತೆರವುಗೊಳಿಸಿದ ಜಾಗಗಳ ಪಟ್ಟಿಯನ್ನು ಪಾಲಿಕೆಯೇ ಪ್ರಕಟಿಸಬೇಕೆಂದೂ, ಅದನ್ನು ನೋಡಿ ಹಕ್ಕುಳ್ಳ ವಂಶಸ್ಥರು ತಮ್ಮ ಜಾಗವನ್ನು ಕೇಳಿ ಪಡೆಯಲು ಅವಕಾಶವಿರಬೇಕೆಂದೂ ಆಜ್ಞೆಯಾಯಿತು. ಮುಂದೆ ಆ ಸ್ಮಶಾನವನ್ನು ಪಾಲಿಕೆ ಒಂಟಿಯಾಗಿ ಆಳುವಂತಿಲ್ಲ. ಧರ್ಮಪ್ರಾಂತ, ಮಿತ್ರರ ಸಂಘ, ಗ್ರೀಕ್ ಸಮುದಾಯ, ಪಾರಂಪರ್ಯ ರಕ್ಷಣೆಯ ಸಂಸ್ಥೆ ಇವರೆಲ್ಲರೂ ಕೂಡಿದ ನಿರ್ವಹಣಾ ಯೋಜನೆಯ ಅಡಿಯಲ್ಲಿಯೇ ನಡೆಸಬೇಕು ಎಂಬ ಕಟ್ಟಳೆ ಬಂದಿತು.

ನಾನು ಓದುವಾಗ ನಿಂತು ಎರಡು ಸಲ ಓದಿದ್ದು ಆ ಪಟ್ಟಿಯ ಮಾತನ್ನು. ನಮ್ಮೂರಿನ ಗುಮಾಸ್ತರು ದೊಡ್ಡಪ್ಪನವರನ್ನು ಕೇಳಿದ್ದು, ಇದು ನಿಮ್ಮದೆಂಬುದಕ್ಕೆ ಕಾಗದವೆಲ್ಲಿ ಎಂದು. ಅಲ್ಲಿಯ ನ್ಯಾಯಾಲಯ ಪಾಲಿಕೆಗೇ ಹೇಳಿದ್ದು, ಯಾರ ಯಾರ ಜಾಗದಿಂದ ಕಿತ್ತಿರಿ ಎಂಬುದನ್ನು ನೀವು ಬರೆದು ಪ್ರಕಟಿಸಿ ಎಂದು. ಆ ಮಾತು ಸಾಧ್ಯವಾದದ್ದಾದರೂ ಹೇಗೆ? ಯಾವ ಅಂಕಣದಲ್ಲಿ, ಎಷ್ಟನೆಯ ಸಂಖ್ಯೆಯ ಗುಂಡಿಯಲ್ಲಿ, ಯಾವ ದಿನ ಯಾರನ್ನು ಹೂಳಲಾಯಿತು, ಹಕ್ಕು ಯಾರ ಹೆಸರಿನಲ್ಲಿತ್ತು ಎಂದು ಬರೆದಿಡುವ ಪದ್ಧತಿ ಅಲ್ಲಿತ್ತು. ಕಲ್ಲು ಹೋದರೂ ಪುಸ್ತಕ ಉಳಿದಿತ್ತು.

ಇದನ್ನು ಪೂರ್ಣ ಜಯವೆಂದು ಬಣ್ಣಿಸುವುದು ಸರಿಯಲ್ಲ. ಹತ್ತು ಸಾವಿರದಲ್ಲಿ ಮತ್ತೆ ನಿಂತ ಕಲ್ಲುಗಳು ಬೆರಳೆಣಿಕೆಯವು. ನಾವು ಹೋದ ದಿನ ಗುಡ್ಡದ ಮೇಲೆ ಹಳೆಯ ಸಮಾಧಿಗಳ ನಡುನಡುವೆ ಹುಲ್ಲಿನ ಬಯಲುಗಳು ಕಂಡವು. ಹಲ್ಲು ಬಿದ್ದ ಬಾಯಿಯಂತೆ. ಹುಲ್ಲು ಹಸಿರಾಗಿ, ಸೊಗಸಾಗಿಯೇ ಇತ್ತು. 2019ರಲ್ಲಿ ಆ ಸ್ಮಶಾನದ ಜೀರ್ಣೋದ್ಧಾರಕ್ಕೆಂದು ರಾಷ್ಟ್ರೀಯ ಲಾಟರಿಯ ಪಾರಂಪರ್ಯ ನಿಧಿಯಿಂದ 46 ಲಕ್ಷ ಪೌಂಡುಗಳ ನೆರವು ಮಂಜೂರಾಯಿತೆಂದು ಮಗಳು ಬಳಿಕ ತಿಳಿಸಿದಳು.

ಸುರಕ್ಷತೆಯ ಹೆಸರಿನಲ್ಲಿ

ಆ ದೇಶದಲ್ಲಿಯೇ ಇನ್ನೊಂದು ಬಗೆಯ ತೊಂದರೆ 2000ದ ನಂತರ ತಲೆದೋರಿತು. ಸಡಿಲಗೊಂಡ ಸಮಾಧಿಕಲ್ಲುಗಳು ಬಿದ್ದು ಮಕ್ಕಳು ಸತ್ತ ಕೆಲವು ದುರ್ಘಟನೆಗಳು ನಡೆದಿದ್ದವು. ಮಗುವೊಂದರ ಪ್ರಾಣದ ಮುಂದೆ ಯಾವ ಕಲ್ಲೂ ದೊಡ್ಡದಲ್ಲ. ಪಾಲಿಕೆಗಳು ಎಚ್ಚೆತ್ತುದು ಸರಿಯೇ. ಆದರೆ ಎಚ್ಚೆತ್ತ ರೀತಿ ವಿಪರೀತಕ್ಕೆ ಹೋಯಿತು. ಕಲ್ಲುಗಳನ್ನು ತಳ್ಳಿ ಪರೀಕ್ಷಿಸುವುದು, ಅಲುಗಾಡಿದರೆ ಅಡ್ಡ ಮಲಗಿಸುವುದು, ಇಲ್ಲವೇ ಗೂಟ ಬಡಿದು ಪಟ್ಟಿ ಕಟ್ಟುವುದು ಅನೇಕ ಕಡೆ ನಡೆಯಿತು. ಮನೆಯವರಿಗೆ ಒಂದು ಕಾಗದವನ್ನೂ ಬರೆಯದೆ ಮಾಡಿದ ಕಡೆಗಳೂ ಉಂಟು. ತಾಯಿಯ ಸಮಾಧಿಗೆ ಹೂವಿಡಲು ಬಂದ ಮಗ, ಕಲ್ಲು ಮುಖ ಕೆಳಗಾಗಿ ಬಿದ್ದಿರುವುದನ್ನು ಕಂಡರೆ ದುಷ್ಕರ್ಮಿಗಳ ಕೆಲಸವೆಂದೇ ತಿಳಿಯುವುದು ಸಹಜವಲ್ಲವೇ?

ದೂರುಗಳು ಹೆಚ್ಚಿದಾಗ ಸ್ಥಳೀಯ ಸಂಸ್ಥೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಎಂಬ ಅಧಿಕಾರಿಗಳು 2006ರಲ್ಲಿ ಈ ವಿಷಯವಾಗಿಯೇ ವಿಶೇಷ ವರದಿಯೊಂದನ್ನು ಹೊರಡಿಸಿದರು. 2009ರಲ್ಲಿ ಅಲ್ಲಿಯ ನ್ಯಾಯ ಸಚಿವಾಲಯ ಮಾರ್ಗಸೂಚಿಯನ್ನು ಪ್ರಕಟಿಸಿ, ಕಲ್ಲು ಬಿದ್ದು ಅಪಾಯವಾಗುವ ಸಂಭವ ಬಹಳ ಕಡಿಮೆಯೆಂದೂ, ಅಪಾಯಕ್ಕೆ ತಕ್ಕಷ್ಟೇ ಕ್ರಮವಿರಬೇಕೆಂದೂ, ಸಾರಾಸಗಟಾಗಿ ಕಲ್ಲುಗಳನ್ನು ಮಲಗಿಸಬಾರದೆಂದೂ ತಿಳಿಹೇಳಿತು.

ಓಂಬುಡ್ಸ್‌ಮನ್ನರ ಬಾಗಿಲು ತಟ್ಟುವ ಕ್ರಮ ಸರಳ. ಮೊದಲು ಪಾಲಿಕೆಗೇ ದೂರು ಕೊಟ್ಟು ಅದರ ಅಂತಿಮ ಉತ್ತರ ಪಡೆಯಬೇಕು. ತೃಪ್ತಿಯಾಗದಿದ್ದರೆ, ವಿಷಯ ತಿಳಿದ ಹನ್ನೆರಡು ತಿಂಗಳೊಳಗೆ ಅವರಿಗೆ ಬರೆಯಬಹುದು; ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ತಪ್ಪು ನಡೆಯದೆ ಇದ್ದಿದ್ದರೆ ದೂರುದಾರರು ಯಾವ ಸ್ಥಿತಿಯಲ್ಲಿರುತ್ತಿದ್ದರೋ ಆ ಸ್ಥಿತಿಗೆ ಅವರನ್ನು ತಂದು ನಿಲ್ಲಿಸುವುದೇ ಅವರ ಅಳತೆಗೋಲು: ಕ್ಷಮಾಪಣೆ, ಕಲ್ಲನ್ನು ಮತ್ತೆ ನಿಲ್ಲಿಸುವುದು, ಆದ ಕಷ್ಟಕ್ಕೆ ಸಣ್ಣ ಮೊತ್ತವೊಂದು. ಅವರ ಶಿಫಾರಸನ್ನು ಪಾಲಿಕೆ ಕಡ್ಡಾಯವಾಗಿ ಪಾಲಿಸಬೇಕೆಂದಿಲ್ಲ. ಆದರೂ ಬಹುಮಟ್ಟಿಗೆ ಪಾಲಿಸುತ್ತವೆ. ಅಲ್ಲಿ ನೆಲೆಸಿ, ಹೂಳುವ ಸಂಪ್ರದಾಯವನ್ನು ಉಳಿಸಿಕೊಳ್ಳಬೇಕೆನ್ನುವ ನಮ್ಮ ಕುಟುಂಬಗಳು ಇದನ್ನು ತಿಳಿದಿರುವುದು ಲೇಸು. ಜಾಗದ ಹಕ್ಕಿನ ಪತ್ರ ಎಷ್ಟು ವರ್ಷಗಳದು, ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿಟ್ಟುಕೊಳ್ಳಬೇಕು. 1977ರ ಆಜ್ಞೆಯ ಪ್ರಕಾರ ಪಾಲಿಕೆಯ ಸ್ಮಶಾನಗಳಲ್ಲಿ ಹೊಸ ಹಕ್ಕನ್ನು ಒಂದು ಸಲಕ್ಕೆ ನೂರು ವರ್ಷ ಮೀರಿ ಕೊಡುವಂತಿಲ್ಲ. ವಿಳಾಸ ಬದಲಾದರೆ ತಿಳಿಸದಿರುವುದರಿಂದಲೇ ಎಷ್ಟೋ ನೋಟೀಸುಗಳು ಖಾಲಿ ಮನೆಗಳಿಗೆ ಹೋಗುತ್ತವೆ.

ನಮ್ಮ ನೆಲದಲ್ಲಿ

ಊರಿಗೆ ಮರಳಿದ ಮೇಲೆ ಹನ್ನೊಂದು ಮನೆತನಗಳವರನ್ನೂ ಕರೆಯಿಸಿ ಕುಳಿತೆವು. ನಮ್ಮಲ್ಲಿ ಧರ್ಮಪೀಠದ ನ್ಯಾಯಾಲಯವಿಲ್ಲ, ನಿಜ. ಆದರೆ ಬಾಗಿಲುಗಳೇ ಇಲ್ಲವೆಂದಲ್ಲ.

ಎಲ್ಲರಿಗೂ ಮೊದಲು ಹೊಳೆದದ್ದು ಪೋಲೀಸು ಠಾಣೆ. ಸಮಾಧಿಸ್ಥಳದಲ್ಲಿ ಅತಿಕ್ರಮಣ ಮಾಡಿ ಅಗೌರವ ತೋರುವುದು ಭಾರತೀಯ ದಂಡಸಂಹಿತೆಯ 297ನೆಯ ಕಲಮಿನಂತೆ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 301ನೆಯ ಕಲಮಾಗಿದೆ. ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಭಾವನೆಗಳನ್ನು ನೋಯಿಸುವ ಉದ್ದೇಶ, ಅಥವಾ ನೋಯುವುದೆಂಬ ಅರಿವು ಇತ್ತೆಂದು ಅಲ್ಲಿ ತೋರಿಸಬೇಕು. ದಾರಿ ಇಕ್ಕಟ್ಟೆಂದು ಯಂತ್ರ ಒಳಗೆ ತಂದ ಅಜಾಗರೂಕ ಚಾಲಕನಿಗೆ ಅದು ಸುಲಭವಾಗಿ ಅನ್ವಯಿಸದು. ನಮಗೂ ಆ ಬಡಪಾಯಿಯನ್ನು ಸೆರೆಗೆ ಕಳಿಸಬೇಕಾಗಿರಲಿಲ್ಲ. ಕಟ್ಟೆಗಳು ಮತ್ತೆ ನಿಲ್ಲಬೇಕಾಗಿತ್ತು.

ಲೋಕಾಯುಕ್ತದ ಬಾಗಿಲು ನಮ್ಮ ಆಲಸ್ಯದಿಂದಲೇ ಮುಚ್ಚಿಕೊಂಡಿತ್ತು. 1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮದಂತೆ ಆಡಳಿತದ ಲೋಪದಿಂದಾದ ಕುಂದುಕೊರತೆಯನ್ನು, ಅದು ತಿಳಿದುಬಂದ ಆರು ತಿಂಗಳೊಳಗೆ ಸಲ್ಲಿಸಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸಬಹುದು. ಬೇಸರಪಟ್ಟು ಮನೆಯಲ್ಲಿ ಕುಳಿತೆವೆಂಬುದು ತಕ್ಕ ಕಾರಣವಲ್ಲ. ಸಿವಿಲ್ ದಾವೆಗೆ ಮುನ್ನ ಲಿಖಿತ ನೋಟೀಸು ಕೊಡಬೇಕು, ಗಡುವುಗಳಿವೆ. ಅದನ್ನು ವಕೀಲರೇ ಹೇಳಬೇಕು.

ನಮಗೆ ಕೆಲಸಕ್ಕೆ ಬಂದುದು ಮಾಹಿತಿ ಹಕ್ಕು. 2005ರ ಆ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು; ಬಾರದಿದ್ದರೆ ಮೇಲ್ಮನವಿಯುಂಟು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದಗಳ ಮಿತಿ. ದೊಡ್ಡಪ್ಪನವರು ಆಯಿಯ ಗುಣಕಥನದಿಂದಲೇ ಅರ್ಜಿ ಆರಂಭಿಸಿದ್ದರಿಂದ ಅದನ್ನು ನಾಲ್ಕು ಸಲ ಬರೆಯಬೇಕಾಯಿತು. ಕೇಳಿದ್ದು ಒಂದೇ: ಆ ಚರಂಡಿ ಕಾಮಗಾರಿಯ ಆದೇಶ, ಗುತ್ತಿಗೆಯ ಷರತ್ತುಗಳು, ನಕ್ಷೆ ಇವುಗಳ ಪ್ರತಿ.

ಬಂದ ಕಾಗದಗಳಲ್ಲಿ ನಕ್ಷೆಯ ಗೆರೆ ರುದ್ರಭೂಮಿಯ ಹೊರಗೇ ಇತ್ತು. ಯಂತ್ರ ಒಳಗೆ ಬರಲು ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕೆಲಸದ ವೇಳೆ ಅಕ್ಕಪಕ್ಕದ ಕಟ್ಟಡಗಳಿಗೆ ಹಾನಿಯಾದರೆ ಗುತ್ತಿಗೆದಾರನೇ ಸರಿಪಡಿಸಬೇಕೆಂಬ ಷರತ್ತೂ ಅಲ್ಲಿತ್ತು. ಜಾಗ ಪುರಸಭೆಯದೇ ಇರಲಿ. ಕಟ್ಟೆ ಕಟ್ಟಿಸಿದವರು ನಾವು, ಒಡೆದವರು ಅವರ ಗುತ್ತಿಗೆದಾರರು. ನಾರ್ವುಡ್ಡಿನಲ್ಲಿ ಕಲಿತ ಪಾಠವನ್ನು ಇಷ್ಟು ಸಣ್ಣದಾಗಿ ಬರೆದು ಮುಖ್ಯಾಧಿಕಾರಿಗಳಿಗೆ ಕೊಟ್ಟೆವು, ಈ ಸಲ ಸ್ವೀಕೃತಿಯ ಮೊಹರು ಪಡೆದು.

ಇನ್ನು ಕಲ್ಲು ನಮ್ಮದೆಂಬುದಕ್ಕೆ ಸಾಕ್ಷ್ಯ. ನಮ್ಮ ಅತ್ತೆಯವರ ಟ್ರಂಕಿನ ತಳದಲ್ಲಿ ಆಯಿಯ ಮೊದಲ ವರ್ಷದ ಪುಣ್ಯಸ್ಮರಣೆಯ ಭಾವಚಿತ್ರವೊಂದು ಸಿಕ್ಕಿತು. ಕಟ್ಟೆಯ ಸುತ್ತ ಮನೆಮಂದಿಯೆಲ್ಲ ನಿಂತಿದ್ದೇವೆ. ನಡುವೆ ಕಲ್ಲು, ಕಲ್ಲಿನ ಮೇಲೆ ಹೆಸರು ಸ್ಪಷ್ಟವಾಗಿದೆ. ಹೀಗೆಯೇ ಒಬ್ಬರಿಗೆ ಕಲ್ಲುಕುಟಿಗರು ಕೊಟ್ಟ ಚೀಟಿ, ಇನ್ನೊಬ್ಬರಿಗೆ ಮಠದ ಸ್ವಾಮಿಗಳು ಬಂದಿದ್ದ ದಿನದ ಚಿತ್ರ ದೊರೆತವು. ಹನ್ನೊಂದರಲ್ಲಿ ಏಳು ಕಟ್ಟೆಗಳ ಗುರುತು ಸಿಕ್ಕಿತು. 2019ರ ಬೇಸಿಗೆಯಲ್ಲಿ ಆ ಏಳನ್ನೂ ಮತ್ತೆ ಕಟ್ಟಿಕೊಟ್ಟರು. ಹಣವನ್ನು ನಾವು ಕೇಳಲಿಲ್ಲ, ಅವರೂ ಕೊಡಲಿಲ್ಲ. ಆಯಿಯ ಕಲ್ಲು ಸೀಳಿದ್ದು ಸೀಳಿದಂತೆಯೇ ಇದೆ. ಎರಡು ತುಂಡುಗಳನ್ನು ಸಿಮೆಂಟಿನಿಂದ ಕೂಡಿಸಿ ನಿಲ್ಲಿಸಿದ್ದಾರೆ. ಹೊಸ ಕಲ್ಲು ಬೇಡವೆಂದವರು ದೊಡ್ಡಪ್ಪನವರೇ.

ಸ್ಥಾವರದ ಮಾತೆತ್ತಿದ ಬಂಧುಗಳು ಅಂದು ಬಂದಿದ್ದರು. ಅವರ ಮಾತು ಸುಳ್ಳಲ್ಲ. ಕಲ್ಲಿನಲ್ಲಿ ಆಯಿ ಇಲ್ಲ ಎಂಬುದು ನನಗೂ ಗೊತ್ತು. ಆದರೆ ಶರಣರು ಬೇಡವೆಂದದ್ದು ಕಲ್ಲಿಗೆ ಅಂಟಿಕೊಳ್ಳುವುದನ್ನು. ಒಬ್ಬರ ಸೊತ್ತನ್ನು ಇನ್ನೊಬ್ಬರು ಕೇಳದೆ ಒಡೆದು, ಕೇಳಿದರೆ ಕಾಗದ ತೋರಿಸಿರೆನ್ನುವುದನ್ನು ಸಹಿಸಿಕೊಳ್ಳಿರೆಂದು ಅವರು ಎಲ್ಲಿಯೂ ಹೇಳಿಲ್ಲ. ಹೀಗೆಂದಾಗ ಅವರು ನಕ್ಕು, ತಮ್ಮ ತಂದೆಯವರ ಸಮಾಧಿಯ ಭಾವಚಿತ್ರ ತೆಗೆಸಿಡಬೇಕೆಂದರು.

ಈಗ ನಮ್ಮ ರುದ್ರಭೂಮಿ ಸಮಿತಿಯಲ್ಲಿ ದಪ್ಪ ರಟ್ಟಿನ ಪುಸ್ತಕವೊಂದಿದೆ. ಮೋಜಣಿದಾರರೊಬ್ಬರು ಹಾಕಿಕೊಟ್ಟ ನಕ್ಷೆ, ಸಾಲಿಗೊಂದು ಅಕ್ಷರ, ಸಮಾಧಿಗೊಂದು ಸಂಖ್ಯೆ. ಎದುರಿಗೆ ಹೆಸರು, ಲಿಂಗೈಕ್ಯರಾದ ದಿನ, ಮನೆತನ, ಈಗಿನ ವಿಳಾಸ. ಒಂದು ಪ್ರತಿಯನ್ನು ಪುರಸಭೆಗೂ ಕೊಟ್ಟು ಮೊಹರು ಹಾಕಿಸಿದ್ದೇವೆ. ಕುಟುಂಬದ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿದಾಗಲೇ ಹೆಚ್ಚಿನ ಹೆಸರುಗಳು ಬಂದುದು. ಯಾರ ಪಕ್ಕದಲ್ಲಿ ಯಾರಿದ್ದಾರೆಂಬುದು ಅವರಿಗೆ ನೆನಪಿರುವಷ್ಟು ಗಂಡಸರಿಗಿಲ್ಲ.

ಉಳಿದ ನಾಲ್ಕು ಕಲ್ಲುಗಳು ಇನ್ನೂ ಗೋಡೆಗೆ ಒರಗಿಕೊಂಡಿವೆ. ಎರಡರ ಬರಹ ಪೂರ್ತಿ ಅಳಿಸಿದೆ. ಒಂದರಲ್ಲಿ ತಿಥಿ ಮಾತ್ರ ಉಳಿದಿದೆ, ವರ್ಷವಿಲ್ಲ. ನಾಲ್ಕನೆಯದರಲ್ಲಿ 'ನೀಲ' ಎಂಬ ಎರಡಕ್ಷರ ಕಾಣುತ್ತದೆ. ಅದು ನೀಲಮ್ಮನೋ, ನೀಲಕಂಠಪ್ಪನೋ ತಿಳಿಯದು. ಪುಸ್ತಕದಲ್ಲಿ ಆ ನಾಲ್ಕಕ್ಕೂ ಒಂದೊಂದು ಸಂಖ್ಯೆ ಕೊಟ್ಟು, ಎದುರಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.